ಚಿಕ್ಕಪ್ಪ ನಗುತ್ತಾ ಕೈ ಎತ್ತಿದ

ಬೆಳಿಗ್ಗೆ ನಮ್ಮ ಮನೆ ಮುಂದೆ ಎದುರುಬದುರಾದ ಇಬ್ಬರು ಬೈಕಿನವರು ಕೈ ಎತ್ತಿ ಹೋದರು. ನೋಡಿದಾಗಿನಿಂದ ಮನಸ್ಸು ನೆಟ್ಟಗಿಲ್ಲ. ಮೊಮ್ಮಗಳ ಕೈಲಿ ಇದನ್ನು ಬರೆಸುತ್ತಿದ್ದೇನೆ.

ನನ್ನ ಬಾಲ್ಯದಲ್ಲಿ ಹೊನ್ನಾಳಿ ಕಡೆ ಫಟಫಟಿ ಇದ್ದವರು ನಾಲ್ಕೈದು ಮಂದಿ. ಅವರಲ್ಲಿ ನನ್ನ ಚಿಕ್ಕಪ್ಪನೂ ಒಬ್ಬ. ನನ್ನನ್ನು ಮುಂದೆ ಕೂರಿಸಿಕೊಂಡು, "ಎದುರಿಗೆ ಫಟಫಟಿ ಬಂದ್ರೆ ಕೈ ಎತ್ತಬೇಕು ಪುಟ್ಟಿ, ಅದು ಮರ್ಯಾದೆ" ಎನ್ನುತ್ತಿದ್ದ.

ಹನ್ನೊಂದು ತುಂಬುವ ಮೊದಲೇ ನನ್ನನ್ನು ಚನ್ನಗಿರಿಗೆ ಮದುವೆ ಮಾಡಿಕೊಟ್ಟರು. ಅತ್ತೆ ಸೌಟು ಕಾಯಿಸಿ ತೋಳಿಗೆ ಬರೆ ಹಾಕುತ್ತಿದ್ದರು. ತವರಿಗೆ ಕಳಿಸುತ್ತಿರಲಿಲ್ಲ.

ಒಂದು ದಿನ ಮಾವನವರು ತಮ್ಮ ಫಟಫಟಿಯ ಸೈಡ್‌ಕಾರಿನಲ್ಲಿ ನನ್ನನ್ನು ನೆಂಟರ ಮನೆಗೆ ಕರೆದೊಯ್ಯುತ್ತಿದ್ದರು. ಸೂಳೆಕೆರೆ ಹತ್ತಿರ ಎದುರಿಗೆ ಚಿಕ್ಕಪ್ಪ ಬಂದ. ನಾನು ಎದ್ದು ನಿಂತು, ಎರಡೂ ಕೈ ಎತ್ತಿ, "ಚಿಕ್ಕಪ್ಪಾ, ನಿಲ್ಸು!" ಎಂದು ಕೂಗಿದೆ. ಗಾಡಿಗಳ ಸದ್ದಿನಲ್ಲಿ ನನ್ನ ದನಿ ನನಗೇ ಕೇಳಲಿಲ್ಲ. ಮಾವನವರು ಕೈ ಎತ್ತಿದರು. ಚಿಕ್ಕಪ್ಪನೂ ನಗುತ್ತಾ ಕೈ ಎತ್ತಿ ಹೊರಟೇಹೋದ.

"ಕೂತ್ಕೊ. ಸೊಸೆ ಆದೋಳು ಹಿಂಗೆ ಕುಣಿಯಾಕೆ ಹತ್ತಿದ್ರೆ ನೋಡಿದೋರು ಏನಂದಾರು?" ಎಂದರು ಮಾವನವರು.

ಯುಗಾದಿಗೆ ಅವ್ವ ನನ್ನನ್ನು ನೋಡಲು ಬಂದಳು. "ನಿನ್ನ ಚಿಕ್ಕಪ್ಪ ಹೇಳ್ದ, ಹುಡುಗಿ ಭಾಳ ಖುಷಿಯಾಗೈತೆ, ಎರಡೂ ಕೈ ಎತ್ತಿ ಮಾತಾಡಿಸ್ತು ಅಂತ. ಹೌದೇನೆ?"

ಅತ್ತೆ ಪಕ್ಕದಲ್ಲೇ ಕೂತಿದ್ದರು. ನಾನು ಸೆರಗನ್ನು ತೋಳಿನ ಮೇಲೆ ಎಳೆದುಕೊಂಡು, "ಹೂಂ" ಎಂದೆ. ಅವ್ವ ನೆಮ್ಮದಿಯಿಂದ ಊರಿಗೆ ಹೋದಳು.

ಈಗ ಬೀದಿಯ ಮಕ್ಕಳು ನನ್ನತ್ತ ಕೈ ಬೀಸಿದರೆ ನಾನು ಕೋಲೂರಿಕೊಂಡು ಹತ್ತಿರ ಹೋಗಿ, "ಏನಾತವ್ವಾ?" ಎಂದು ಕೇಳುತ್ತೇನೆ. ಅವು ನಗುತ್ತವೆ. ನಗಲಿ.