ಶರಣೆಯ ಚೀಟಿ ನಾನು ಬದಲಿಸಿದ್ದು

ನನ್ನ ನಿವೃತ್ತಿಗೆ ಇನ್ನೊಂದು ವರ್ಷ ಉಳಿದಿತ್ತು. ಬಸವಕಲ್ಯಾಣದ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಕನ್ನಡ ಶಿಕ್ಷಕಿಯಾಗಿದ್ದೆ. ಮನೆ ಹುಮನಾಬಾದಿನಲ್ಲಿ. ದಿನವೂ ಬಸ್ಸು, ದಾರಿಯಲ್ಲಿನ ರಾಜೇಶ್ವರ ಊರು ದಾಟುವ ಹೊತ್ತಿಗೆ ಉತ್ತರಪತ್ರಿಕೆಯ ಅರ್ಧ ಕಟ್ಟು ತಿದ್ದಿ ಮುಗಿದಿರುತ್ತಿತ್ತು.

ಮೊಬೈಲಿನ ಎಐ, ಅಂದರೆ ಕೃತಕ ಬುದ್ಧಿಮತ್ತೆ, ಆಗಷ್ಟೇ ಮಕ್ಕಳ ಕೈಗೆ ಬಂದಿತ್ತು. ಬಾಯಲ್ಲಿ ಕೇಳಿದರೆ ಬಾಯಲ್ಲೇ ಉತ್ತರ ಕೊಡುತ್ತಿತ್ತು. ಮಕ್ಕಳು ಅದರಿಂದ ಪ್ರಬಂಧ ಬರೆಸಿಕೊಂಡು ಬರುತ್ತಿದ್ದುದರಿಂದ ನನಗೆ ಅದರ ಮೇಲೆ ಮುನಿಸು. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯೋಣವೆಂದು ವಾರ್ಷಿಕೋತ್ಸವಕ್ಕೆ ಒಂದು ಆಟ ಹೂಡಿದೆ. ಹನ್ನೆರಡನೆಯ ಶತಮಾನದ ಶರಣರು ಇವತ್ತು ಈ ಊರಲ್ಲಿದ್ದು, ಅವರ ಕೈಯಲ್ಲೂ ಫೋನ್ ಇದ್ದಿದ್ದರೆ ಎಐಯನ್ನು ಏನು ಕೇಳುತ್ತಿದ್ದರು? ಒಂಬತ್ತನೆಯ ತರಗತಿಯ ಮಕ್ಕಳು ಶರಣರಾಗಿ ವೇದಿಕೆ ಹತ್ತಿ, ತಲಾ ಒಂದೇ ಪ್ರಶ್ನೆ ಕೇಳಬೇಕು.

ಯಾರಿಗೆ ಯಾವ ಪಾತ್ರ ಎಂಬುದಕ್ಕೆ ಚೀಟಿ ಎತ್ತಿಸಿದೆ. ಚೀಟಿಯಲ್ಲಿ ಹೆಸರಿರಲಿಲ್ಲ, ಕಾಯಕವನ್ನಷ್ಟೇ ಬರೆದಿದ್ದೆ: ದೋಣಿ ನಡೆಸುವವನು, ಬಟ್ಟೆ ನೇಯುವವನು, ಹಗ್ಗ ಹೊಸೆಯುವವನು. ಭಾಗ್ಯಶ್ರೀ ಎತ್ತಿದ್ದು ‘ಬೀದಿ ಗುಡಿಸುವವಳು.’ ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅವಳ ತಾಯಿ ರತ್ನಮ್ಮ ನಮ್ಮ ಶಾಲೆಯ ಬೀದಿ ಗುಡಿಸಿ ಕಸ ಒಯ್ಯುವ ಪೌರಕಾರ್ಮಿಕೆ. ಅದು ಎಲ್ಲರಿಗೂ ಗೊತ್ತು. ಹುಡುಗಿ ಚೀಟಿಯನ್ನು ಮುಷ್ಟಿಯಲ್ಲಿ ಹಿಡಿದು ತಲೆ ತಗ್ಗಿಸಿ ಕೂತಳು.

ಊಟದ ಬಿಡುವಿನಲ್ಲಿ ಅವಳನ್ನೂ ಇಮ್ರಾನ್ ಎಂಬ ಹುಡುಗನನ್ನೂ ಸ್ಟಾಫ್ ರೂಮಿಗೆ ಕರೆದು, ಅವನ ದೋಣಿಯ ಚೀಟಿ ಅವಳಿಗೂ ಅವಳದು ಅವನಿಗೂ ಕೊಟ್ಟೆ. ಗಡಿಬಿಡಿಯಲ್ಲಿ ನನ್ನ ಮೊಣಕೈ ತಾಗಿ ಚಹಾದ ಗಾಜಿನ ಲೋಟ ಬಿದ್ದು ಒಡೆಯಿತು. ಚೂರುಗಳನ್ನು ಬಳಿದು ಕಸದ ಬುಟ್ಟಿಗೆ ಹಾಕಿದೆ. ಒಳ್ಳೆಯ ಕೆಲಸ ಮಾಡಿದೆನೆಂಬ ಸಮಾಧಾನದಲ್ಲಿ ಸಂಜೆ ಬಸ್ಸು ಹತ್ತಿದೆ.

ಮರುದಿನ ಭಾಗ್ಯಶ್ರೀ ಶಾಲೆಗೆ ಬರಲಿಲ್ಲ. ಅದರ ಮರುದಿನವೂ ಇಲ್ಲ. ಮೂರನೆಯ ದಿನ ಬೆಳಿಗ್ಗೆ ಗೇಟಿನ ಬಳಿ ರತ್ನಮ್ಮ ಕಾದು ನಿಂತಿದ್ದರು. ಬಲಗೈ ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡಿದ್ದರು.

“ಟೀಚರ್, ಚೀಟಿ ಯಾಕ ಬದಲ್ ಮಾಡಿದ್ರಿ?”

“ಹುಡುಗ್ರು ನಗ್ತಾರಂತ, ರತ್ನಮ್ಮಾ. ಆಕಿ ಮನಸ್ಸಿಗೆ ನೋವಾಗಬಾರದಂತ.”

“ಹುಡುಗ್ರು ನಗ್ತಾವ್ರಿ, ನಕ್ಕು ಮರೀತಾವ. ಇದು ನಾಚಿಕಿ ಕೆಲಸ ಅಂತ ನೀವ ಚೀಟಿ ಕಸಗೊಂಡ್ರ ಅದು ಖರೇನ ಆತಲ್ರಿ. ಸಾಲಿ ಬಿಡ್ತೀನಂತ ಕುಂತಾಳ ನೋಡ್ರಿ.”

ಮೂವತ್ತು ವರ್ಷ ಕಾಯಕದ ಪಾಠ ಹೇಳಿದವಳು ನಾನು. ಮಾತು ತಪ್ಪಿಸಲು, ಬೆರಳಿಗೇನಾಯಿತು ಎಂದು ಕೇಳಿದೆ.

“ಗಾಜ್ರಿ. ಸಾಲಿ ಕಸದ ಚೀಲದಾಗ ಇತ್ತು.” ಅಷ್ಟೇ ಹೇಳಿ ಪೊರಕೆ ಎತ್ತಿಕೊಂಡು ಹೋದರು.

ಆ ಗಾಜು ಯಾರದೆಂದು ನನಗೆ ಗೊತ್ತಿತ್ತು. ಹೇಳಲು ಧೈರ್ಯ ಬರಲಿಲ್ಲ. ಇಮ್ರಾನ್‌ನಿಂದ ಚೀಟಿ ವಾಪಸು ಪಡೆದು, ಸಂಜೆ ಅವರ ಮನೆಗೆ ಹೋಗಿ ಭಾಗ್ಯಶ್ರೀಯ ಕೈಯಲ್ಲಿಟ್ಟೆ. “ತಪ್ಪು ನಂದವ್ವಾ. ಇದು ನಿಂದು,” ಎಂದೆ. ಅವಳು ತಾಯಿಯ ಮುಖ ನೋಡಿದಳು. “ತಗೋ,” ಎಂದರು ರತ್ನಮ್ಮ.

ಉತ್ಸವದ ದಿನ ಶಾಲೆಯ ಫೋನಿಗೆ ಮೈಕ್ ಹಿಡಿದಿದ್ದೆವು. ಇಮ್ರಾನ್ ಹುಟ್ಟು ಹಿಡಿದು ಬಂದ. “ನಮ್ಮೂರಾಗ ಹೊಳೀನ ಇಲ್ಲ, ನಾ ದೋಣಿ ಎಲ್ಲಿ ನಡಸಲಿ?” ಕೆರೆಯಲ್ಲಿ ದೋಣಿವಿಹಾರ ಆರಂಭಿಸಬಹುದೆಂದು ಎಐ ಗಂಭೀರವಾಗಿ ಸಲಹೆ ಕೊಟ್ಟಿತು. ಜನ ಬಿದ್ದು ಬಿದ್ದು ನಕ್ಕರು.

ಆಮೇಲೆ ಭಾಗ್ಯಶ್ರೀ. ತಾಯಿಯ ಕೆಲಸದ ಕೋಟನ್ನೇ ತೋಳು ಮಡಚಿ ತೊಟ್ಟಿದ್ದಳು. ಫೋನಿನ ಕಡೆ ಬಾಗಿ ನಿಧಾನವಾಗಿ ಕೇಳಿದಳು:

“ನಾಳಿ ಮುಂಜಾನಿ ನಾ ಎತ್ತೋ ಚೀಲದಾಗ ಯಾವುದ್ರಾಗ ಒಡದ ಗಾಜು ಐತಿ, ಹೇಳ್ತೀಯೇನು?”

“ಕ್ಷಮಿಸಿ. ಚೀಲದೊಳಗೆ ಏನಿದೆಯೆಂದು ನನಗೆ ತಿಳಿಯದು. ಅದನ್ನು ತುಂಬಿದವರನ್ನು ಕೇಳಿ,” ಎಂದಿತು ಯಂತ್ರ, ಪಠ್ಯಪುಸ್ತಕದ ಕನ್ನಡದಲ್ಲಿ.

ಈ ಸಲ ಯಾರೂ ನಗಲಿಲ್ಲ. ನಾನು ಎದ್ದು ನಿಂತೆ. “ಆ ದಿನ ಗಾಜು ಹಾಕಿದವಳು ನಾನು,” ಎಂದೆ.

ಹಿಂದಿನ ಸಾಲಿನಿಂದ ರತ್ನಮ್ಮನ ದನಿ ಬಂತು. “ಗೊತ್ತೈತ್ರಿ ಟೀಚರ್. ಭಾಗ್ಯಾ ಅವತ್ತ ಹೇಳ್ಯಾಳ. ಕುಂದರ್ರಿ ಈಗ.”

ಲೋಟ ಒಡೆದಾಗ ಹುಡುಗಿ ನನ್ನೆದುರೇ ನಿಂತಿದ್ದಳಲ್ಲ! ಗೇಟಿನಲ್ಲಿ ನಿಂತ ತಾಯಿಗೂ, ವೇದಿಕೆಯ ಮೇಲಿನ ಮಗಳಿಗೂ ಗಾಜು ನನ್ನದೆಂದು ಗೊತ್ತಿತ್ತು. ಇಬ್ಬರೂ ಹೇಳಲಿಲ್ಲ. ನಾನಾಗಿ ಏಳಲೆಂದು ಜಾಗ ಬಿಟ್ಟರು.

ಈಗ ಮನೆಯಲ್ಲಿ ಗಾಜು ಒಡೆದರೆ ಹಳೆಯ ಪೇಪರಿನಲ್ಲಿ ಸುತ್ತಿ, ಮೇಲೆ ದಪ್ಪಕ್ಷರದಲ್ಲಿ ‘ಗಾಜು’ ಎಂದು ಬರೆಯುತ್ತೇನೆ. ಇನ್ನೊಬ್ಬರ ಮಾನ ಕಾಯುವುದು ಹೇಗೆಂದು ಮೂವತ್ತು ವರ್ಷ ಪಾಠ ಹೇಳಿದೆ. ಕಲಿತದ್ದು ಮಾತ್ರ ಕೊನೆಯ ವರ್ಷದಲ್ಲಿ, ಅದೂ ನಾನು ಚೀಟಿ ಕಸಿದುಕೊಂಡ ಹುಡುಗಿಯಿಂದ.