ಚೆಲುವಯ್ಯನಿಂದ ಮಾಡಿಸಿದ ಆಣೆ

ಚೆಲುವಯ್ಯನ ಹೆಸರು ಹೇಳುವಾಗ ಈಗಲೂ ನನ್ನ ತಲೆ ತಗ್ಗುತ್ತದೆ. ತಪ್ಪು ಅವನದಲ್ಲ, ನನ್ನದು.

ಅವನು ವಿರೂಪಾಕ್ಷಿಪುರದ ಕಡೆಯವನು. ಇಪ್ಪತ್ತೆರಡು ವರ್ಷ ರಾಮನಗರದಲ್ಲಿ ರೇಷ್ಮೆ ನೂಲು ತೆಗೆದ. ಬಿಸಿನೀರಿನಲ್ಲಿ ಗೂಡಿನ ಎಳೆ ಹುಡುಕಿ ಹುಡುಕಿ ಬೆರಳ ಚರ್ಮವೆಲ್ಲ ಸುಲಿದಿತ್ತು. ಆ ಉರಿ ಮರೆಯಲು ಸಂಜೆಗೊಂದು ಕ್ವಾರ್ಟರ್, ಆಮೇಲೆ ಬೆಳಿಗ್ಗೆಗೂ ಒಂದು. ಕೆಲಸ ಹೋಯಿತು, ಬಾಡಿಗೆ ಮನೆ ಹೋಯಿತು, ಹೆಂಡತಿ ಬೈರಮ್ಮ ತವರು ಸೇರಿದಳು. ಇವನು ರೈಲ್ವೆ ಸ್ಟೇಷನ್ನಿನ ಹೊರಗೋಡೆಯ ಬುಡದಲ್ಲಿ ಮಲಗತೊಡಗಿದ. ಎಡಪಾದದಲ್ಲಿ ಹುಣ್ಣಾಯಿತು. ದಿನಾ ತೊಳೆದು ಕಟ್ಟದಿದ್ದರೆ ಕಾಲೇ ಹೋಗುತ್ತದೆ ಅಂತ ಡಾಕ್ಟರು ಹೇಳಿದ್ದರು.

ಕಟ್ಟುತ್ತಿದ್ದವರು ನಾವು, ನರ್ಸ್ ಸುಮನಾ ಮತ್ತು ನಾನು, ಅಶ್ವಥ್. ಕುಡಿತಕ್ಕೆ ಬಿದ್ದು ಬೀದಿಪಾಲಾದವರನ್ನು ಹುಡುಕಿಕೊಂಡು ಹೋಗುವುದೇ ನಮ್ಮ ಸಂಸ್ಥೆಯ ಕೆಲಸ. ಸುಮನಾ ಹಾಕಿದ್ದ ನಿಯಮ ಒಂದೇ. ಗಾಯ ತೊಳಿ, ಟೀ ಕೊಡು, ಕೂತು ಮಾತಾಡು, ಆದರೆ ಬಿಡ್ತೀನಿ ಅಂತ ಮಾತು ತಗೋಬೇಡ. ಅವರಾಗಿ ಕೇಳಿದ ದಿನ ಆಸ್ಪತ್ರೆಗೆ ಸೇರಿಸಿದರಾಯಿತು.

ನನಗೋ ಮೂಗಿನ ತುದಿಯಲ್ಲೇ ಕೋಪ. ಎರಡು ತಿಂಗಳಾದರೂ ಅವನ ಬಾಯಿಯ ವಾಸನೆ ಹೋಗಲಿಲ್ಲವಲ್ಲ ಅಂತ ರೇಗಿತು. ಸುಮನಾ ರಜೆಯಲ್ಲಿದ್ದ ಒಂದು ಬೆಳಿಗ್ಗೆ ಅವನನ್ನು ಹನುಮಂತರಾಯನ ಗುಡಿಗೆ ಎಳೆದುಕೊಂಡು ಹೋದೆ. ಉರಿಯುವ ಕರ್ಪೂರವನ್ನು ಅಂಗೈಯಲ್ಲಿ ಆರಿಸಿ ಆಣೆ ಮಾಡುವುದು ನಮ್ಮ ಕಡೆಯ ಪದ್ಧತಿ.

"ಬ್ಯಾಡ ಕಣಪ್ಪಾ, ನನ್ ಕೈಲಿ ಆಗಾಕಿಲ್ಲ," ಅಂದ.

"ಎಲ್ಲಾ ಆಯ್ತದೆ, ಆರ್ಸಣ್ಣ," ಅಂತ ಗದರಿದೆ.

ಸುಲಿದ ಕೈಯಲ್ಲೇ ಆರಿಸಿದ.

ಮಾರನೆಯ ದಿನ ಗೋಡೆಯ ಬುಡ ಖಾಲಿ. ಅದರ ಮಾರನೆಯ ದಿನವೂ ಖಾಲಿ. ಸುಮನಾ ಕೇಳಿದಾಗ, "ಎಲ್ಲೋ ಕುಡ್ಕೊಂಡ್ ಬಿದ್ದಿರ್ತಾನೆ ಬಿಡಿ," ಅಂದೆ. ಆಣೆಯ ವಿಷಯ ಬಾಯಿ ಬಿಡಲಿಲ್ಲ. ಥೂ, ನನ್ನ ಜನ್ಮಕ್ಕಿಷ್ಟು!

ಹನ್ನೊಂದನೆಯ ದಿನ ಬಿಡದಿ ಸ್ಟೇಷನ್ನಿನ ಹಿಂದೆ ಸಿಕ್ಕ. ಕಾಲಿಗೆ ನಾವು ಕಟ್ಟಿದ್ದ ಅದೇ ಹಳೆಯ ಬಟ್ಟೆ, ಮೇಲೆ ನೊಣ. ನನ್ನನ್ನು ಕಂಡಿದ್ದೇ ಟವೆಲ್ಲನ್ನು ಮುಖಕ್ಕೆಳೆದುಕೊಂಡ.

"ಅವತ್ತು ಸಂಜೇನೇ ಕುಡ್ದ್‌ಬುಟ್ಟೆ ಕಣಪ್ಪಾ. ಯಾವ ಮೊಕ ಇಟ್ಕಂಡು ನಿನ್ ಮುಂದೆ ಕೂತ್ಕಳ್ಳಿ?"

ನಾಚಿಕೆಯಿಂದ ಸತ್ತುಹೋದೆ. ನಾನೂ ಕುಡಿಯುತ್ತಿದ್ದವನೇ. ಅದೇ ಗುಡಿಯಲ್ಲಿ ಮೂರು ಸಲ ಕರ್ಪೂರ ಆರಿಸಿ ಮೂರು ಸಲವೂ ಆಣೆ ಮುರಿದವನು. ನನ್ನನ್ನು ಬಿಡಿಸಿದ್ದು ಆಸ್ಪತ್ರೆ. ಎಲ್ಲವನ್ನೂ ಅವನ ಕಾಲ ಬಳಿ ಕೂತು ಹೇಳಿಕೊಂಡೆ. ಸುಮನಾಗೂ ಫೋನಿನಲ್ಲಿ ಒಪ್ಪಿಕೊಂಡೆ. ಆಕೆ ಬೈಯಲಿಲ್ಲ. "ಮೊದ್ಲು ಆಟೋ ಹತ್ತಿಸಿ," ಅಂದಳಷ್ಟೇ.

ಕಾಲು ಉಳಿಯಿತು. ಅದರ ಎರಡು ಬೆರಳು ಉಳಿಯಲಿಲ್ಲ.

ಆಸ್ಪತ್ರೆಯಲ್ಲಿ ಎಚ್ಚರವಾದಾಗ ಅವನ ಮೊದಲ ಮಾತು, "ಆಣೆ ಮುರ್ದಿವ್ನಿ. ದ್ಯಾವ್ರಿಗೆ ತಪ್ಪುಕಾಣ್ಕೆ ಹಾಕ್ಬೇಕು, ಒಸಿ ಕರ್ಕೊಂಡ್ ಹೋಗಪ್ಪಾ."

"ಹಾಕ್ ಬಂದಿವ್ನಿ ಕಣಣ್ಣ."

"ನನ್ ಹೆಸ್ರಲ್ಲೇನಪ್ಪಾ?"

"ಇಲ್ಲ. ನನ್ ಹೆಸ್ರಲ್ಲಿ."

ಅವನು ಬ್ಯಾಂಡೇಜಿನ ಕಾಲನ್ನು ಮೆಲ್ಲಗೆ ನನ್ನ ಕಡೆ ಸರಿಸಿದ. "ನಾಳೆ ಗಾಯ ಕಟ್ಟಾಕೆ ನೀನೇ ಬಾ," ಅಂದ.