ವ್ಯಾನ್ ಮಾಮನ ‘ತಪ್ಪಾತ್ರಿ’

ಮೊನ್ನೆ ಕಕ್ಷಿದಾರರೊಬ್ಬರು ನನ್ನ ಕಚೇರಿಯಲ್ಲಿ ಚೀಲದಿಂದ ಕಾಗದ ತೆಗೆಯುವಾಗ ಆಯುರ್ವೇದದ ಅರಿಷ್ಟದ ಬಾಟಲಿ ಜಾರಿ ಬಿದ್ದು ಒಡೆಯಿತು. ಹುಳಿ ಬಂದ ಬೆಲ್ಲದಂಥ ವಾಸನೆ ಕೋಣೆಯನ್ನೆಲ್ಲ ತುಂಬಿತು. ಅವರು ಒರೆಸಲು ಬಟ್ಟೆ ಕೇಳುತ್ತಿದ್ದರು. ನನಗೆ ವ್ಯಾನ್ ಮಾಮ ನೆನಪಾಗಿ ಏನೂ ಕೇಳಿಸಲಿಲ್ಲ.

ಬಾಗಳಿಯಿಂದ ಹರಪನಹಳ್ಳಿಯ ಶಾಲೆಗೆ ನಮ್ಮನ್ನು ಕರೆದೊಯ್ಯುತ್ತಿದ್ದವನು ಅವನು. ವ್ಯಾನ್ ಗುಂಡಿಗಿಳಿದು ನಮ್ಮ ತಲೆ ತಾಗಿದರೆ ‘ತಪ್ಪಾತ್ರಿ’ ಅನ್ನುತ್ತಿದ್ದ. ಗುಂಡಿ ತೋಡಿದವನು ಅವನೇ ಏನೋ ಎಂಬಂತೆ! ಅಡ್ಡ ಬಂದ ಎಮ್ಮೆಗೂ ಹಾಗೇ ಅನ್ನುತ್ತಾನೆಂದು ನಾವು ನಗುತ್ತಿದ್ದೆವು. ದೊಡ್ಡವರೆದುರು, ಅಧಿಕಾರದವರೆದುರು ಅದು ಅವನ ನಮಸ್ಕಾರವೇ ಆಗಿತ್ತು.

ನಾನು ವಕೀಲಳಾಗಿ ಇನ್ನೂ ಆರು ತಿಂಗಳಾಗಿರಲಿಲ್ಲ. ಒಂದು ಮಧ್ಯಾಹ್ನ ಊಟ ಮುಗಿಸಿ ಮಕ್ಕಳನ್ನು ಕರೆತರಲು ಹೊರಟಿದ್ದ ಅವನನ್ನು ಪೊಲೀಸರು ತಡೆದು ಯಂತ್ರಕ್ಕೆ ಊದಿಸಿದರು. ಕುಡಿದಿದ್ದಾನೆ ಎಂದಿತು ಯಂತ್ರ. ಮರುದಿನ, ನಾನು ಕೆಲಸ ಕಲಿಯುತ್ತಿದ್ದ ಹಿರಿಯ ವಕೀಲರ ಕಚೇರಿಗೆ ನನ್ನನ್ನೇ ಹುಡುಕಿಕೊಂಡು ಬಂದ.

“ಕುಡಿದಿಲ್ಲವ್ವ. ಹೊಟ್ಟಿ ಉಬ್ಬರಕ್ಕ ಎರಡು ಮುಚ್ಚಳ ಅರಿಷ್ಟ ತಗಂಡಿದ್ನಿ. ಆಗಿಂದಾಗ್ಲೇ ಊದಿಸಿದ್ರು. ಡಾಕ್ಟರತ್ರ ಕರ್ಕಂಡು ಹೋಗ್ರಿ ಅಂದ್ನಿ, ಯಾರೂ ಒಯ್ಲಿಲ್ಲ. ಸಂಜಿತನ ಕುಂದ್ರಿಸಿದ್ರು.”

ಬಂಧಿಸಿದ ಎರಡು ಗಂಟೆಯೊಳಗೆ ವೈದ್ಯರ ತಪಾಸಣೆ ಆಗಬೇಕು, ಆಗದಿದ್ದರೆ ಬಿಟ್ಟು ಕಳಿಸಬೇಕು ಎಂದು ಕಾನೂನೇ ಹೇಳುತ್ತದೆ. ಪರೀಕ್ಷೆಗೆ ಅದನ್ನು ಬಾಯಿಪಾಠ ಮಾಡಿದವಳು ನಾನು. ಆದರೆ ಕುಡಿದು ಸಿಕ್ಕವರೆಲ್ಲ ಔಷಧಿಯ ಕಥೆ ಹೇಳುತ್ತಾರೆಂದು, ಆರೇ ತಿಂಗಳಿಗೆ ಎಲ್ಲ ಬಲ್ಲವಳಂತೆ ಕೂತಿದ್ದೆ. “ಒಪ್ಕಂಬಿಡು ಮಾಮ, ಒಂದೇ ದಿನಕ್ಕ ಮುಗೀತೈತಿ” ಅಂದೆ.

ನ್ಯಾಯಾಲಯದಲ್ಲಿ ತಪ್ಪು ಒಪ್ಪುತ್ತೀರಾ ಎಂದು ಕೇಳಿದಾಗ ಅವನು ನನ್ನತ್ತ ನೋಡಿದ. ನಾನು ತಲೆಯಾಡಿಸಿದೆ. ಕೈಮುಗಿದು “ತಪ್ಪಾತ್ರಿ ಸಾಹೇಬ್ರ” ಅಂದ. ಗುಂಡಿಗೆ, ಎಮ್ಮೆಗೆ ಅನ್ನುತ್ತಿದ್ದ ಅದೇ ದನಿ… ಕಾಗದದ ಮೇಲೆ ಅದು ತಪ್ಪೊಪ್ಪಿಗೆಯಾಯಿತು.

ನಾನು ಹೇಳಿದಂತೆ ಒಂದೇ ದಿನಕ್ಕೆ ಮುಗಿಯಿತು, ನನ್ನ ಪಾಲಿಗೆ. ಅವನ ಲೈಸೆನ್ಸ್ ಅಮಾನತಾಯಿತು. ಅವಧಿ ಮುಗಿದ ಮೇಲೂ ಶಾಲೆಯವರು ಕರೆಯಲಿಲ್ಲ. ಕುಡುಕನೆನಿಸಿಕೊಂಡವನ ವ್ಯಾನಿಗೆ ಯಾವ ತಾಯಿ ಮಗುವನ್ನು ಹತ್ತಿಸಿಯಾಳು? ಮದ್ಯದಂಶವಿರುವ ಅರಿಷ್ಟ ಕುಡಿದ ಬಾಯಲ್ಲಿ ತಕ್ಷಣ ಊದಿದರೆ ಯಂತ್ರ ಹಾಗೆ ತೋರಿಸಬಹುದೆಂದು ನನಗೆ ತಿಳಿದದ್ದು ಎಷ್ಟೋ ಕಾಲದ ಮೇಲೆ, ಬೇರೆ ಯಾರದೋ ಪ್ರಕರಣ ನಡೆಸುವಾಗ.

ಕೊನೆಯ ಬಾರಿ ಅವನು ಸಿಕ್ಕಿದ್ದು ಹಗರಿಬೊಮ್ಮನಹಳ್ಳಿ ರೈಲು ನಿಲ್ದಾಣದಲ್ಲಿ. ತುಂಬ ಇಳಿದುಹೋಗಿದ್ದ. ಬೆಂಚಿನ ಮೇಲೆ ಪಕ್ಕದಲ್ಲಿ ಕೂತು ಅದೂ ಇದೂ ಮಾತಾಡಿದ ಮೇಲೆ ಮೆಲ್ಲಗೆ ಕೇಳಿದ: “ಮಂದಿ ಏನರ ಅನ್ಲಿ. ನಾ ಕುಡಿದಿದ್ದಿಲ್ಲ ಅಂತ ಆವತ್ತು ನೀನರ ನಂಬಿದ್ದೆಲ್ಲವ್ವ?”

“ನಂಬಿದ್ನಿ ಮಾಮ” ಅಂದೆ. ಅವನ ಮುಖ ಹಗುರಾಯಿತು.

ಹೋದ ವರ್ಷ ತೀರಿಕೊಂಡ. ಈಗ ಯಾವ ಚಾಲಕ ಬಂದರೂ ಎಷ್ಟು ಹೊತ್ತಿಗೆ ಹಿಡಿದರು, ವೈದ್ಯರು ನೋಡಿದರೇ ಎಂದು ಕೇಳಿ ಬರೆದುಕೊಳ್ಳುತ್ತೇನೆ. ಅದರಿಂದ ಅವನಿಗೇನೂ ದಕ್ಕಲಿಲ್ಲ. ಬೆಂಚಿನ ಮೇಲೆ ನಾನು ಹೇಳಿದ್ದು ಸುಳ್ಳು. ಅವನು ಅದನ್ನು ನಂಬಿಕೊಂಡೇ ಹೋದ.